ಹಡಗಲಿಯ ಮಕ್ಕಳಿಗೆ ಟರ್ಮಿನಲ್ ಯಾಕೆ ಬೇಕು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ದೊಡ್ಡ ಊರಿನ ದೊಡ್ಡ ಆಫೀಸುಗಳು ಹೊಸ ಯಂತ್ರ ಕೊಂಡು ಮುಂದೆ ಹೋದವು. ವಿಜಯನಗರ ಜಿಲ್ಲೆಯ ನಮ್ಮ ಹೂವಿನಹಡಗಲಿಯಂಥ ತಾಲ್ಲೂಕು ಕೇಂದ್ರದಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿನ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ತುಂಬಿಕೊಡುವ ಸೆಂಟರು, ಫೋಟೊ ಸ್ಟುಡಿಯೊ, ಹೈಸ್ಕೂಲಿನ ಕಂಪ್ಯೂಟರ್ ಕೋಣೆ ಎಲ್ಲವೂ ನಡೆಯುವುದು ಹಳೆಯ ಯಂತ್ರಗಳ ಮೇಲೆ. ವಿಂಡೋಸ್ 11 ಹಾಕಬೇಕೆಂದರೆ ಕನಿಷ್ಠ 4 ಜಿಬಿ ಮೆಮೊರಿ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಪ್ರೊಸೆಸರ್ ಬೇಕು. ಕೀಲಿಮಣೆ ಸವೆದರೂ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಎಷ್ಟೋ ಯಂತ್ರಗಳು ಈ ಷರತ್ತಿಗೆ ಹೊಂದುವುದಿಲ್ಲ. ಅವು ಕೆಟ್ಟಿಲ್ಲ, ಅವುಗಳ ಕಾಲ ಮುಗಿಯಿತೆಂದು ಬೇರೆಯವರು ತೀರ್ಮಾನಿಸಿದ್ದಾರೆ, ಅಷ್ಟೆ.

ಅವುಗಳನ್ನು ಗುಜರಿಗೆ ಹಾಕಬೇಕಿಲ್ಲ ಎಂಬುದು ಹೊಸ ಮಾತೇನಲ್ಲ. ಡೆಬಿಯನ್, ಲುಬುಂಟು ತರಹದ ಲಿನಕ್ಸ್ ಆವೃತ್ತಿಗಳು ಇಂಥ ಯಂತ್ರಗಳಲ್ಲಿ ಇಂದಿಗೂ ಹಗುರಾಗಿ ಓಡುತ್ತವೆ, ದುಡ್ಡು ಕೇಳುವುದಿಲ್ಲ, ಭದ್ರತಾ ಪರಿಷ್ಕರಣೆಗಳೂ ಬರುತ್ತಿರುತ್ತವೆ. ಡೆಬಿಯನ್ ಅನ್ನು ಯಂತ್ರಕ್ಕೆ ಹಾಕುವಾಗ ಶುರುವಿನಲ್ಲೇ ಕನ್ನಡವನ್ನು ಆರಿಸಿಕೊಳ್ಳಬಹುದು. ಇಷ್ಟರ ಮಟ್ಟಿಗೆ ಒಪ್ಪುವವರು ಬಹಳ ಜನ ಇದ್ದಾರೆ. ನನ್ನ ವಾದ ಇಲ್ಲಿಂದ ಮುಂದಿನದು. ಲಿನಕ್ಸ್ ಹಾಕಿಕೊಟ್ಟು, ಮೌಸ್ ಕೈಗಿಟ್ಟು, "ಇದೂ ವಿಂಡೋಸ್ ತರಹವೇ" ಎಂದು ಹೇಳಿ ಬಿಟ್ಟರೆ ಆ ಪ್ರಯತ್ನ ಸೋಲುತ್ತದೆ. ಯಾಕೆಂದರೆ ಅದು ವಿಂಡೋಸ್ ತರಹ ಅಲ್ಲ. ಅದೇ ತರಹ ಎಂದು ನಂಬಿ ಬಂದವನಿಗೆ ಮೊದಲ ದಿನವೇ ಒಂದಲ್ಲ ಒಂದು ಕೊರತೆ ಕಾಣುತ್ತದೆ, ವಾರದಲ್ಲಿ ವಾಪಸ್ ಹೋಗುತ್ತಾನೆ. ಲಿನಕ್ಸಿನ ನಿಜವಾದ ಶಕ್ತಿ ಇರುವುದು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ. ಅಲ್ಲಿ ಚಿತ್ರವಿಲ್ಲ, ಬಟನ್ ಇಲ್ಲ. ಬೇಕಾದ್ದನ್ನು ಕಮಾಂಡ್ ಎಂಬ ಆಜ್ಞೆಯಾಗಿ ಬರೆದು ಕೇಳಬೇಕು. ನಮ್ಮ ತಾಲ್ಲೂಕಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರನ್ನು ಕಲಿಸುವುದಾದರೆ ಆ ಕಿಟಕಿಯಿಂದಲೇ, ಕನ್ನಡದಲ್ಲೇ ಕಲಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಊರಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದು ಒಂದೂವರೆ ದಶಕದ ಮೇಲಾಯಿತು. ಮಲ್ಲಿಗೆ, ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಮನೆಗಳ ಮಕ್ಕಳು ಹಾಸ್ಟೆಲ್ ಖರ್ಚಿಲ್ಲದೆ ಎಂಜಿನಿಯರಿಂಗ್ ಓದಬಹುದು ಎನ್ನುವುದೇ ದೊಡ್ಡ ಸಂಗತಿ. ಈ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಪಠ್ಯಕ್ರಮದಲ್ಲಿ, ಲಿನಕ್ಸ್ ಯಾವುದರ ಮಾದರಿಯಲ್ಲಿ ಹುಟ್ಟಿತೋ ಆ ಯುನಿಕ್ಸ್ ಬಹಳ ಕಾಲದಿಂದ ಇದೆ. 2018ರ ಸ್ಕೀಮಿನಲ್ಲಿ ಐದನೇ ಸೆಮಿಸ್ಟರಿಗೆ ಯುನಿಕ್ಸ್ ಪ್ರೋಗ್ರಾಮಿಂಗ್ ಎಂಬ ಪೇಪರೇ ಇತ್ತು. ಅಂದರೆ ಕಮಾಂಡ್ ಕಲಿಯುವುದು ಪಠ್ಯಕ್ರಮಕ್ಕೆ ಹೊರಗಿನದಲ್ಲ. ಆದರೆ ನಮ್ಮ ಪರೀಕ್ಷಾ ಪದ್ಧತಿ ಎಲ್ಲವನ್ನೂ ಹತ್ತು ಅಂಕದ ಪ್ರಶ್ನೆಯಾಗಿ ಮಾಡಿಬಿಡುತ್ತದೆ. ರಾಜ್ಯದ ಯಾವ ಮೂಲೆಯಲ್ಲೇ ಆಗಲಿ, ಬರಹದಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡಿನ ಆಪ್ಷನ್‌ಗಳನ್ನು ಉದಾಹರಣೆ ಸಹಿತ ವಿವರಿಸಿ ಎಂದರೆ ಪುಟ ತುಂಬ ಬರೆಯುವ ವಿದ್ಯಾರ್ಥಿಗಳು ಸಿಗುತ್ತಾರೆ. ಅದೇ ಗ್ರೆಪ್ ಹಾಕಿ ತನ್ನ ಮನೆಯ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡವರು ಅಪರೂಪ. ಈಜುವುದರ ಬಗ್ಗೆ ಟಿಪ್ಪಣಿ ಬರೆಸಿ ಪಾಸು ಮಾಡಿಸಿದಷ್ಟೇ ಇದರ ಪ್ರಯೋಜನ. ಐದನೇ ಸೆಮಿಸ್ಟರಿನವರೆಗೆ ಕಾಯುವುದೂ ತಪ್ಪು. ಎಂಟನೇ ತರಗತಿಯ ಹುಡುಗಿ ಇದನ್ನು ಕಲಿಯಬಲ್ಲಳು.

"ಇಂಗ್ಲಿಷ್ ಬರದವರಿಗೆ ಇದು ಕಷ್ಟ" ಎಂಬ ಆಕ್ಷೇಪ ಮೊದಲು ಬರುತ್ತದೆ. ನೋಡಲು ಸರಿಯೆನಿಸುವ ಈ ಮಾತು ವಿಚಾರಿಸಿದರೆ ನಿಲ್ಲುವುದಿಲ್ಲ. ಎಲ್‌ಎಸ್, ಸಿಪಿ, ಎಂವಿ, ಗ್ರೆಪ್, ಆಕ್ ಎಂಬ ಕಮಾಂಡುಗಳ ಹೆಸರುಗಳು ಯಾವ ದೇಶದ ಮಗುವಿನ ಮನೆಮಾತೂ ಅಲ್ಲ. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ. ಆಗ ಅವರ ಮುಂದಿದ್ದದ್ದು ಪರದೆಯಲ್ಲ, ಕಾಗದದ ಮೇಲೆ ಬಡಿಯುವ ಟೆಲಿಟೈಪ್ ಯಂತ್ರ. ಸೆಕೆಂಡಿಗೆ ಹತ್ತು ಅಕ್ಷರ ಅದರ ವೇಗ. ಎರಡಕ್ಷರದಲ್ಲಿ ಕೆಲಸವಾಗುವಾಗ ಎಂಟಕ್ಷರ ಯಾರು ಬಡಿಯುತ್ತಾರೆ? ಹೀಗೆ ಉಳಿದ ಆ ಮೊಟಕು ಹೆಸರುಗಳು ಬಾಸ್ಟನ್ನಿನ ಹುಡುಗನಿಗೂ ಹಿರೇಹಡಗಲಿಯ ಹುಡುಗನಿಗೂ ಮೊದಲ ದಿನ ಸಮಾನವಾಗಿ ಅಪರಿಚಿತ. ಚಿತ್ರಮಯ ತಂತ್ರಾಂಶದಲ್ಲಿ ನೂರಾರು ಮೆನುಗಳಿವೆ, ಪ್ರತಿಯೊಂದರಲ್ಲೂ ಇಂಗ್ಲಿಷ್ ಪದಪುಂಜಗಳಿವೆ, ಆವೃತ್ತಿ ಬದಲಾದಾಗಲೆಲ್ಲ ಅವುಗಳ ಜಾಗವೂ ಬದಲಾಗುತ್ತದೆ. ಟರ್ಮಿನಲ್‌ನಲ್ಲಿ ಇಪ್ಪತ್ತು ಮೊಟಕು ಹೆಸರು ಕಲಿತರೆ ದಿನದ ಕೆಲಸ ನಡೆಯುತ್ತದೆ, ಮತ್ತು 1970ರ ದಶಕದವರು ಕಲಿತ ಅಂಥ ಹೆಸರುಗಳು ಬಹುಪಾಲು ಇವತ್ತಿಗೂ ಚಾಲ್ತಿಯಲ್ಲಿವೆ. ಬಡವರ ಮಕ್ಕಳಿಗೆ ಒಮ್ಮೆ ಕಲಿತದ್ದು ಹಳತಾಗದಿರುವುದು ಸಣ್ಣ ಲಾಭವಲ್ಲ.

ಇಂಗ್ಲಿಷ್ ನಿಜವಾಗಿ ಅಡ್ಡ ಬರುವುದು ತಪ್ಪಾದಾಗ. ಟರ್ಮಿನಲ್ ತಪ್ಪನ್ನು ಹೇಳುವುದು ಬಹುಪಾಲು ಇಂಗ್ಲಿಷಿನಲ್ಲೇ. ಹೊಸಬರಿಗೆ ಪದೇ ಪದೇ ಎದುರಾಗುವ ಸಂದೇಶಗಳು ಮೂರು: "ಕಮಾಂಡ್ ನಾಟ್ ಫೌಂಡ್", "ನೋ ಸಚ್ ಫೈಲ್ ಆರ್ ಡೈರೆಕ್ಟರಿ", "ಪರ್ಮಿಷನ್ ಡಿನೈಡ್". ಮೊದಲನೆಯದು, ನೀನು ಬರೆದ ಹೆಸರಿನ ಕಮಾಂಡ್ ನನಗೆ ಸಿಗಲಿಲ್ಲ, ಅಕ್ಷರ ನೋಡಿಕೊ ಎನ್ನುತ್ತದೆ. ಎರಡನೆಯದು, ಕಮಾಂಡ್ ಸರಿ, ಆದರೆ ನೀನು ಹೇಳಿದ ಜಾಗದಲ್ಲಿ ಆ ಫೈಲ್ ಇಲ್ಲ, ನೀನೇ ಬೇರೆ ಕಡೆ ನಿಂತಿರಬಹುದು ಎನ್ನುತ್ತದೆ. ಮೂರನೆಯದು, ಫೈಲ್ ಇದೆ, ಅದನ್ನು ಮುಟ್ಟುವ ಅಧಿಕಾರ ನಿನಗಿಲ್ಲ ಎನ್ನುತ್ತದೆ. ಈ ಮೂರನ್ನು ಒಬ್ಬ ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳಿ, ಬೇಕೆಂದೇ ಮೂರೂ ತಪ್ಪು ಮಾಡಿಸಿ ತೋರಿಸಿದರೆ ಅರ್ಧ ಹೆದರಿಕೆ ಅಂದೇ ಹೋಗುತ್ತದೆ. ಇಂಥ ವಿವರಣೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಡೆದಾಗ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಎರಡನೇ ಸಂದೇಶಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಕಂಪ್ಯೂಟರಿನಲ್ಲಿ ಯಾವುದು ಎಲ್ಲಿದೆ ಎಂಬ ತಿಳಿವಳಿಕೆಯೇ ಇಂದಿನ ಮಕ್ಕಳಲ್ಲಿ ಕಾಣೆಯಾಗುತ್ತಿದೆ. ಫೋನಿನಲ್ಲಿ ಎಲ್ಲವೂ ತಾನಾಗಿ ಎಲ್ಲೋ ಹೋಗಿ ಕೂರುತ್ತದೆ. ಇದನ್ನು ಕಲಿಸಲು ನಮ್ಮ ಜಿಲ್ಲೆಯ ನಕ್ಷೆಯೇ ಸಾಕು. ಕರ್ನಾಟಕದೊಳಗೆ ವಿಜಯನಗರ, ಅದರೊಳಗೆ ಹೂವಿನಹಡಗಲಿ, ಅದರೊಳಗೆ ಮೈಲಾರ. ಹೀಗೆ ಒಂದರೊಳಗೊಂದು ಫೋಲ್ಡರುಗಳನ್ನು ಎಂಕೆಡಿಐಆರ್ ಕಮಾಂಡಿನಿಂದ ಮಕ್ಕಳೇ ಮಾಡಲಿ. ಲಿನಕ್ಸಿನಲ್ಲಿ ಫೋಲ್ಡರಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಬಹುದು. ಪಕ್ಕದ ತಾಲ್ಲೂಕುಗಳಿಗೂ ಹೀಗೇ ಫೋಲ್ಡರ್ ಮಾಡಿ ಸಿಡಿ ಕಮಾಂಡಿನಿಂದ ಕೊಟ್ಟೂರಿಗೆ ಹೋಗಲಿ, ಎರಡು ಚುಕ್ಕಿ ಹಾಕಿ ಮೇಲಕ್ಕೆ ಬಂದು ಕೂಡ್ಲಿಗಿಗೆ ಇಳಿಯಲಿ, ಪಿಡಬ್ಲ್ಯುಡಿ ಹಾಕಿ ತಾವೆಲ್ಲಿದ್ದೇವೆ ಎಂದು ಕೇಳಿಕೊಳ್ಳಲಿ. ಆಮೇಲೆ ಹರಪನಹಳ್ಳಿಯ ಕತೆ ಹೇಳಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಊರು ಕದಲಲಿಲ್ಲ, ಊರೊಳಗಿನ ಮನೆಗಳು ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು. ಎಂವಿ ಎಂಬ ಕಮಾಂಡ್ ಮಾಡುವುದು ಇದನ್ನೇ. ಹಳೆಯ ವಿಳಾಸ ಹಿಡಿದು ಹುಡುಕುವ ಪ್ರೋಗ್ರಾಂ ಆ ಫೈಲನ್ನು ಕಾಣದೆ ನಿಲ್ಲುತ್ತದೆ ಎಂಬುದನ್ನು ಹರಪನಹಳ್ಳಿಯ ಯಾವ ಹುಡುಗನಿಗೂ ಎರಡನೇ ಸಲ ಹೇಳಬೇಕಾಗುವುದಿಲ್ಲ.

ಇನ್ನು ಪೈಪ್. ಕಮಾಂಡ್ ಲೈನಿನ ಸತ್ವ ಇರುವುದು ಇದರಲ್ಲಿ. ನಿಂತ ಗೆರೆಯ ಒಂದು ಚಿಹ್ನೆ. ಎಡಗಡೆಯ ಕಮಾಂಡ್ ಹೊರಡಿಸಿದ್ದನ್ನು ಬಲಗಡೆಯ ಕಮಾಂಡಿಗೆ ಕೊಡುತ್ತದೆ. ಡಗ್ ಮೆಕಿಲ್‌ರಾಯ್ ಎಂಬುವರ ಒತ್ತಾಯದಿಂದ 1973ರಲ್ಲಿ ಇದು ಯುನಿಕ್ಸಿಗೆ ಬಂತು. 1986ರಲ್ಲಿ ಒಂದು ಪತ್ರಿಕೆಯ ಅಂಕಣಕ್ಕಾಗಿ ಪ್ರಸಿದ್ಧ ವಿಜ್ಞಾನಿ ಡೊನಾಲ್ಡ್ ಕ್ನೂತ್, ಒಂದು ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಮನ್ನು ಪುಟಗಟ್ಟಲೆ ಬರೆದುಕೊಟ್ಟರು. ಅದನ್ನು ವಿಮರ್ಶಿಸಿದ ಮೆಕಿಲ್‌ರಾಯ್ ಅದೇ ಕೆಲಸವನ್ನು ಆರು ಸಾಲಿನಲ್ಲಿ, ಮೊದಲೇ ಇದ್ದ ಸಣ್ಣ ಸಣ್ಣ ಕಮಾಂಡುಗಳನ್ನು ಪೈಪಿನಿಂದ ಪೋಣಿಸಿ ತೋರಿಸಿದರು. ಕ್ನೂತ್ ಅವರ ಬರಹದ ಸೊಗಸನ್ನು ಅವರು ಅಲ್ಲಗಳೆಯಲಿಲ್ಲ. ದಿನನಿತ್ಯದ ಕೆಲಸಕ್ಕೆ ಯಾವ ದಾರಿ ಎಂಬುದು ಅವರ ಪ್ರಶ್ನೆಯಾಗಿತ್ತು.

ಅದೇ ಬಗೆಯ ಒಂದು ಸಾಲನ್ನು ಕನ್ನಡದಲ್ಲಿ ಹೇಳಿ ನೋಡೋಣ: ಬರಹವನ್ನು ಓದಿ, ಪದ ಪದವಾಗಿ ಬಿಡಿಸಿ, ಅಕ್ಷರ ಕ್ರಮದಲ್ಲಿ ಜೋಡಿಸಿ, ಒಂದೇ ಬಗೆಯವನ್ನು ಒಟ್ಟುಮಾಡಿ ಎಣಿಸಿ, ಹೆಚ್ಚಿನಿಂದ ಕಡಿಮೆಗೆ ಇಳಿಸಿ, ಮೊದಲ ಹತ್ತನ್ನು ತೋರಿಸು. ಇದು ಒಂದೇ ಕನ್ನಡ ವಾಕ್ಯ. ಓದಿ, ಬಿಡಿಸಿ, ಜೋಡಿಸಿ, ಎಣಿಸಿ, ಇಳಿಸಿ, ತೋರಿಸು ಎಂಬಲ್ಲಿ ಒಂದೊಂದಕ್ಕೂ ಒಂದೊಂದು ಕಮಾಂಡ್ ಕೂರುತ್ತದೆ: ಕ್ಯಾಟ್, ಟಿಆರ್, ಸಾರ್ಟ್, ಯುನಿಕ್, ಮತ್ತೆ ಸಾರ್ಟ್, ಕೊನೆಗೆ ಹೆಡ್. ಓದಿ, ಬಿಡಿಸಿ ಎಂಬಂಥ ಮಾತುಗಳನ್ನು ನಮ್ಮ ವ್ಯಾಕರಣ ಕೃದಂತಾವ್ಯಯ ಎನ್ನುತ್ತದೆ. ಕ್ರಿಯೆ ಮುಗಿಯದೆ ಮುಂದಿನ ಕ್ರಿಯೆಗೆ ಕೈ ಚಾಚಿ ನಿಲ್ಲುವ ರೂಪ. ಎದ್ದು, ಮುಖ ತೊಳೆದು, ರೊಟ್ಟಿ ಕಟ್ಟಿಕೊಂಡು, ಬಸ್ಸು ಹತ್ತಿ, ಕಾಲೇಜಿಗೆ ಹೋದ ಎಂದು ಹೇಳುವ ನಾಲಿಗೆಗೆ ಪೈಪ್ ಹೊಸದಲ್ಲ.  ಒಂದು ಕಮಾಂಡಿನೊಳಗೆ ಮಾತ್ರ ಕ್ರಮ ಬೇರೆ: ಕ್ರಿಯಾಪದ ಮೊದಲು, ಹೇಗೆ ಎಂಬುದು ಆಮೇಲೆ, ಕರ್ಮ ಕೊನೆಗೆ. ಇದನ್ನು ಒಮ್ಮೆ ತೋರಿಸಿದರೆ ಆಯಿತು. ಕನ್ನಡ ವ್ಯಾಕರಣವನ್ನು ಅಂಕಕ್ಕಾಗಿ ಮಾತ್ರ ಓದಿದ ಮಕ್ಕಳಿಗೆ ಅದು ಇನ್ನೊಂದು ಕಡೆ ಕೆಲಸಕ್ಕೆ ಬರುವುದನ್ನು ಕಾಣುವ ಅವಕಾಶ ಇದು, ಮತ್ತು ಕನ್ನಡ ಮೇಷ್ಟ್ರೂ ಕಂಪ್ಯೂಟರ್ ಮೇಷ್ಟ್ರೂ ಒಂದೇ ಕೋಣೆಯಲ್ಲಿ ಕೂತು ಪಾಠ ಮಾಡಬಹುದಾದ ಅಪರೂಪದ ಜಾಗ.

ಕನ್ನಡ ಬರಹದ ಮೇಲೆ ಈ ಕಮಾಂಡುಗಳು ನಿಜಕ್ಕೂ ನಡೆಯುತ್ತವೆಯೇ? ನಡೆಯುತ್ತವೆ, ಬರಹ ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿದ್ದರೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪಾದ ಕಡತಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅಲ್ಲಿ ಹಡಗಲಿ ಎಂದು ಹುಡುಕಿದರೆ ಏನೂ ಸಿಗದು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿ ಹತ್ತು ವರ್ಷದ ಮೇಲಾದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಸಂಘಸಂಸ್ಥೆಗಳ ಕಪಾಟಿನ ಸಿಡಿಗಳಲ್ಲಿ ಹಳೆಯ ರೂಪದ ಕಡತಗಳು ರಾಶಿ ಬಿದ್ದಿವೆ. ಅವುಗಳನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕಗಳನ್ನು ಕನ್ನಡದವರೇ ಮಾಡಿಟ್ಟಿದ್ದಾರೆ. ಕಡತಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತ ಕೂರುವ ಬದಲು ಸಾಲಾಗಿ ಒಂದೇ ಏಟಿಗೆ ಬದಲಿಸುವ ಕೆಲಸ ಟರ್ಮಿನಲ್ ಬಲ್ಲವರಿಗೆ ಸುಲಭ.

ಯೂನಿಕೋಡ್ ಕಡತ ಕೈಗೆ ಬಂದ ಮೇಲೆ ಕಲಿಕೆ ಬಹಳ ಸೊಗಸಾಗುತ್ತದೆ. ಹಡಗಲಿ ಎಂಬ ಪದವನ್ನು ಡಬ್ಲ್ಯುಸಿ ಕಮಾಂಡಿಗೆ ಕೊಟ್ಟು ಎಷ್ಟು ಬೈಟ್ ಎಂದು ಕೇಳಿದರೆ 15 ಎನ್ನುತ್ತದೆ. ಎಷ್ಟು ಸಂಕೇತ ಎಂದರೆ 5 ಎನ್ನುತ್ತದೆ. ನಮ್ಮ ಮಗು ಬೆರಳು ಮಡಿಸಿ 4 ಅಕ್ಷರ ಎನ್ನುತ್ತದೆ. ಮೂರೂ ಸರಿ. ಯೂನಿಕೋಡಿನಲ್ಲಿ ಲ ಬೇರೆ, ಅದರ ಗುಡಿಸು ಬೇರೆ. ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ಅಕ್ಷರ ಎಂದರೇನು ಎಂಬ ಹಳೆಯ ಪ್ರಶ್ನೆ ಹೀಗೆ ಒಂದು ನಿಮಿಷದಲ್ಲಿ ಹೊಸದಾಗಿ ಎದುರು ನಿಲ್ಲುತ್ತದೆ. ಇನ್ನೊಂದು: ಊರುಗಳ ಪಟ್ಟಿಯನ್ನು ಸಾರ್ಟ್ ಮಾಡಿಸಿ. ಬರೀ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ನಮ್ಮ ತಾಲ್ಲೂಕಿನ ಹೊಳಲು ಮೊದಲು, ಹೊಸಪೇಟೆ ಆಮೇಲೆ ಬರುತ್ತದೆ. ಕನ್ನಡ ನಿಘಂಟಿನಲ್ಲಿ ಇದು ತಿರುವು ಮುರುವು, ಏಕೆಂದರೆ ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಲ ಆದ ಕೂಡಲೇ. ಯಂತ್ರ ಹೇಳಿದ್ದೇ ಸರಿ ಎಂದು ನಂಬಬಾರದು, ಯಾವ ನಿಯಮದ ಮೇಲೆ ಹೇಳಿತು ಎಂದು ಕೇಳಬೇಕು ಎಂಬುದನ್ನು ಹೊಳಲು ಮತ್ತು ಹೊಸಪೇಟೆ ಕಲಿಸಿಕೊಡುತ್ತವೆ.

ಇಲ್ಲಿ ಒಂದು ಕೊರತೆಯನ್ನು ಮುಚ್ಚಿಡಬಾರದು. ಹಲವು ಟರ್ಮಿನಲ್ ಕಿಟಕಿಗಳಲ್ಲಿ ಕನ್ನಡದ ಒತ್ತಕ್ಷರ, ಗುಣಿತ ನೆಟ್ಟಗೆ ಕೂರುವುದಿಲ್ಲ. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದ ಮೇಲೆ ಕಟ್ಟಿದ ಕಿಟಕಿ ಅದು. ನಮ್ಮ ಲಿಪಿ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಹುಡುಕಾಟ ಸರಿಯಾಗಿಯೇ ನಡೆದಿರುತ್ತದೆ, ಕಾಣುವುದು ಮಾತ್ರ ಕೆಟ್ಟಿರುತ್ತದೆ. ಫಲಿತಾಂಶವನ್ನು ಒಂದು ಫೈಲಿಗೆ ಕಳಿಸಿ, ಸಾಮಾನ್ಯ ಎಡಿಟರಿನಲ್ಲಿ ತೆರೆದು ಓದುವುದು ಸದ್ಯದ ಪರಿಹಾರ. ಶಾಶ್ವತ ಪರಿಹಾರವನ್ನು ಬರೆಯಬೇಕಾದವರು ಕನ್ನಡ ಬಲ್ಲ ಎಂಜಿನಿಯರುಗಳು. ಆಕರ ಸಂಕೇತ ಎಲ್ಲರಿಗೂ ತೆರೆದಿದೆ, ಯಾರ ಅಪ್ಪಣೆಯೂ ಬೇಕಿಲ್ಲ. ಹಡಗಲಿಯ ಕಾಲೇಜಿನ ಒಂದು ಕೊನೆಯ ವರ್ಷದ ಪ್ರಾಜೆಕ್ಟ್ ಇದರ ಮೇಲೆ ನಡೆದರೆ ಅದು ನಾಡಿನ ಎಲ್ಲ ಲಿನಕ್ಸ್ ಬಳಕೆದಾರರಿಗೂ ಉಪಕಾರ.

ಕಮಾಂಡುಗಳ ಹೆಸರುಗಳನ್ನೇ ಕನ್ನಡಕ್ಕೆ ತಿರುಗಿಸಿಬಿಡೋಣ ಎನ್ನುವವರೂ ಇದ್ದಾರೆ. ತಾಂತ್ರಿಕವಾಗಿ ಅಡ್ಡಿಯಿಲ್ಲ, ಅಲಿಯಾಸ್ ಎಂಬ ಕಮಾಂಡ್ ಬಳಸಿ ಗ್ರೆಪ್‌ಗೆ ಹುಡುಕು ಎಂದು ಹೆಸರಿಡಬಹುದು. ಒಂದು ತರಗತಿಯ ಆಟವಾಗಿ ಇದು ಚೆನ್ನ. ಅದರ ಮೇಲೆ ಕಲಿಕೆಯನ್ನು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹುಡುಕು ಎಂಬುದು ಆ ಒಂದು ಯಂತ್ರದಲ್ಲಿ ಮಾತ್ರ ನಡೆಯುತ್ತದೆ, ಗ್ರೆಪ್ ಲೋಕದ ಎಲ್ಲ ಲಿನಕ್ಸ್ ಯಂತ್ರಗಳಲ್ಲಿ ನಡೆಯುತ್ತದೆ. ಹೆಸರು ಇದ್ದ ಹಾಗೆ ಇರಲಿ, ತಿಳಿವಳಿಕೆ ಕನ್ನಡದಲ್ಲಿ ಬರಲಿ.

"ಈಗ ಎಐ ಇದೆಯಲ್ಲ, ಕನ್ನಡದಲ್ಲೇ ಕೇಳಿದರೆ ಕಮಾಂಡ್ ಬರೆದುಕೊಡುತ್ತದೆ, ಕಲಿಯುವುದೇಕೆ?" ಎಂಬುದು ಈಚಿನ ಆಕ್ಷೇಪ, ಮತ್ತು ಇವುಗಳಲ್ಲೆಲ್ಲ ಗಟ್ಟಿಯಾದದ್ದು. ಬರೆದುಕೊಡುತ್ತದೆ, ನಿಜ. ಬಹಳ ಸಲ ಸರಿಯಾಗಿಯೇ ಕೊಡುತ್ತದೆ. ಆದರೆ ಟರ್ಮಿನಲ್ ಎನ್ನುವುದು ಕೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಜಾಗ. ಆರ್‌ಎಂ ಕಮಾಂಡಿನಿಂದ ಅಳಿಸಿದ ಫೈಲ್ ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋಗಿಯೇ ಬಿಡುತ್ತದೆ. ಅದರ ಜೊತೆ ಒಂದೆರಡು ಆಪ್ಷನ್ ಸೇರಿದರೆ ಫೋಲ್ಡರಿಗೆ ಫೋಲ್ಡರೇ, ಒಳಗಿನದ್ದೆಲ್ಲ ಸಹಿತ, ಒಂದು ಮಾತೂ ಕೇಳದೆ ಇಲ್ಲವಾಗುತ್ತದೆ. ಸುಡೋ ಎಂದು ಮುಂದೆ ಸೇರಿಸಿದರೆ ಇಡೀ ಯಂತ್ರದ ಅಧಿಕಾರ ಸಿಗುತ್ತದೆ. ಇನ್ನೊಂದು ಉದಾಹರಣೆ: ಫೋಟೊ ಸ್ಟುಡಿಯೊದವರಿಗೆ, ಅರ್ಜಿ ತುಂಬುವವರಿಗೆ ಇಮೇಜ್‌ಮ್ಯಾಜಿಕ್ ಎಂಬ ಸಲಕರಣೆ ಬಹಳ ಉಪಯೋಗ. ಇಷ್ಟು ಕೆಬಿ ಒಳಗಿರಬೇಕು ಎಂಬ ಷರತ್ತಿಗೆ ತಕ್ಕಂತೆ ನೂರು ಫೋಟೊಗಳನ್ನು ಒಂದೇ ಸಾಲಿನ ಕಮಾಂಡಿನಲ್ಲಿ ಕುಗ್ಗಿಸಬಹುದು. ಆದರೆ ಅದರ ಮಾಗ್ರಿಫೈ ಕಮಾಂಡ್ ಮೂಲ ಫೋಟೊವನ್ನೇ ಬದಲಿಸುತ್ತದೆ. ಮೊದಲು ಸಿಪಿ ಹಾಕಿ ನಕಲು ಮಾಡಿಟ್ಟುಕೊಳ್ಳದವನು ಮದುವೆ ಆಲ್ಬಮ್ಮಿನ ಮೂಲವನ್ನೇ ಕಳೆದುಕೊಳ್ಳುತ್ತಾನೆ. ಎಐ ಬರೆದುಕೊಟ್ಟ ಸಾಲಿನಲ್ಲಿ ಆರ್‌ಎಂ ಎಲ್ಲಿದೆ, ಸುಡೋ ಯಾಕಿದೆ, ಮೂಲ ಉಳಿಯುತ್ತದೋ ಇಲ್ಲವೋ ಎಂದು ಓದಿ ತಿಳಿಯುವ ಶಕ್ತಿ ಈಗ ಮೊದಲಿಗಿಂತ ಹೆಚ್ಚು ಬೇಕು. ಬರೆಯುವ ಕೆಲಸ ಕಡಿಮೆಯಾದಷ್ಟೂ ಓದುವ ಜವಾಬ್ದಾರಿ ಬೆಳೆಯುತ್ತದೆ. ಇನ್ನು, ಎಐ ಬೇಕೆಂದರೆ ಸಾಮಾನ್ಯವಾಗಿ ಇಂಟರ್‌ನೆಟ್ ಬೇಕು. ಮ್ಯಾನ್ ಎಂಬ ಕಮಾಂಡ್ ತೆರೆದಿಡುವ ಕೈಪಿಡಿ ಯಂತ್ರದೊಳಗೇ ಇರುತ್ತದೆ. ನೆಟ್‌ವರ್ಕ್ ಹೋದ ಊರಿನಲ್ಲೂ ಅದು ತೆರೆಯುತ್ತದೆ.

ಕೆಲಸ ಸಿಗುವುದೇ ಎಂಬ ಪೋಷಕರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಊರಿನ ಡಿಟಿಪಿ ಅಂಗಡಿಯ ಕೆಲಸಕ್ಕೆ ಪೇಜ್‌ಮೇಕರ್, ಕೋರಲ್‌ಡ್ರಾ ಬೇಕು, ಅವು ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ. ಆಫೀಸುಗಳಲ್ಲಿ ವರ್ಡ್, ಎಕ್ಸೆಲ್ ಕೇಳುತ್ತಾರೆ. ಅವನ್ನೂ ಕಲಿಯಲಿ. ಆದರೆ ಬೆಂಗಳೂರಿನ ಕಂಪನಿಗಳ ಅನೇಕ ಸರ್ವರುಗಳು, ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು, ಭಾರತೀಯ ವಿಜ್ಞಾನ ಸಂಸ್ಥೆಯ ಪರಂ ಪ್ರವೇಗ ಸೂಪರ್ ಕಂಪ್ಯೂಟರ್ ಎಲ್ಲವೂ ಲಿನಕ್ಸ್ ಮೇಲೆ ನಿಂತಿವೆ. ಜಗತ್ತಿನ 500 ಅತಿ ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟರೆ ಬೇರೆ ಇಲ್ಲ. ಕ್ಲೌಡ್, ಡೇಟಾ, ಭದ್ರತೆ, ಯಾವ ಕೆಲಸದ ಸಂದರ್ಶನಕ್ಕೆ ಹೋದರೂ ಟರ್ಮಿನಲ್ ಎದುರು ಕೂರಿಸಬಹುದು. ಅಲ್ಲಿ ನಗರದ ಹುಡುಗ ಮಾತಿನಲ್ಲಿ ಮುಂದಿರಬಹುದು. ಕೈ ಪಳಗಿದ ಹಡಗಲಿಯ ಹುಡುಗಿ ಕೆಲಸದಲ್ಲಿ ಹಿಂದೆ ಬೀಳುವುದಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಲ್ಲರೂ ಬಳಸಿ ತಿದ್ದಬಹುದಾದ ತಂತ್ರಾಂಶದ ಗ್ನು ಯೋಜನೆಯನ್ನು ಸಾರಿದಾಗ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದು ಹಂಚಿದಾಗ ಅವರ ಮುಂದೆ ನಮ್ಮ ಊರು ಇರಲಿಲ್ಲ. ಆದರೂ ಅವರು ಬರೆದದ್ದನ್ನು ಬಳಸುವ, ತಿದ್ದುವ ಹಕ್ಕು ನಮಗೂ ಇದೆ, ಅದರ ಪರವಾನಗಿಯ ಪ್ರಕಾರವೇ.

ಕನ್ನಡದಲ್ಲಿ ಕಲಿಸಲು ಸಾಮಗ್ರಿ ಎಲ್ಲಿದೆ ಎನ್ನುವವರು ಕಾಸರಗೋಡಿನತ್ತ ನೋಡಬೇಕು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆ. ಮಂಜೇಶ್ವರ, ಕುಂಬಳೆಯ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಐಸಿಟಿ ಪಠ್ಯಪುಸ್ತಕಗಳು ಕನ್ನಡದಲ್ಲೇ ಅಚ್ಚಾಗುತ್ತವೆ. ಗಿಂಪ್, ಜಿಯೋಜೀಬ್ರಾ, ಪೈಥಾನ್ ಅವರಿಗೆ ಹೈಸ್ಕೂಲಿನ ಪಾಠ. ಕರ್ನಾಟಕದ ಹೊರಗಿನ ಕನ್ನಡ ಮಗುವಿಗೆ ಸಿಕ್ಕಿರುವುದು ಒಳಗಿನ ಕನ್ನಡ ಮಗುವಿಗೆ ಸಿಗಬೇಡವೇ? ನಮ್ಮಲ್ಲೂ ಬೀಜವಿದೆ. 2011ರ ಸುಮಾರಿನಿಂದ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು ಮೇಲೆ ಕೆಲಸ ಮಾಡಿದರು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಕಮಾಂಡುಗಳ ಪಾಠಗಳು ಕನ್ನಡ ದನಿಯಲ್ಲಿ ಇವೆ. ಓಂಶಿವಪ್ರಕಾಶ್ ಅವರ ಲಿನಕ್ಸಾಯಣ ಬರಹಗಳು ಕನ್ನಡಿಗರಿಗೆ ಈ ದಾರಿಯನ್ನು ಎಷ್ಟೋ ಹಿಂದೆಯೇ ತೋರಿಸಿದವು. ಅವರೂ ಗೆಳೆಯರೂ ಸೇರಿ ಕಟ್ಟಿದ ವಚನ ಸಂಚಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಪದ ಹುಡುಕಿ ಎಣಿಸುವುದನ್ನು ಸಾಧ್ಯವಾಗಿಸಿತು. ಸಾಮಗ್ರಿಗೆ ಬರವಿಲ್ಲ, ಅದನ್ನು ತರಗತಿಗೆ ತರುವ ಕೈಗಳಿಗೆ ಬರವಿದೆ.

ಹಾಗಾಗಿ ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಹೈಸ್ಕೂಲು ಮೇಷ್ಟ್ರುಗಳಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮೂಲೆಗೆ ಸೇರಿದ ಒಂದು ಹಳೆಯ ಯಂತ್ರಕ್ಕೆ ಡೆಬಿಯನ್ ಹಾಕಿ. ಅದರಲ್ಲಿ ಯಾರ ಕಡತವೂ ಇಲ್ಲದಿರಲಿ, ಮಕ್ಕಳು ಹೆದರದೆ ಕೆಡಿಸಿ ಮತ್ತೆ ಕಟ್ಟಲಿ. ತಾಲ್ಲೂಕಿನ ಊರುಗಳ ಹೆಸರು, ತಮ್ಮೂರಿನ ಮಳೆಯ ಅಳತೆ, ಮಾರುಕಟ್ಟೆಯಲ್ಲಿ ಮಲ್ಲಿಗೆಯ ದಿನದಿನದ ದರ ಇವನ್ನು ಅವರ ಕೈಯಲ್ಲೇ ಸಾದಾ ಫೈಲಿನಲ್ಲಿ ಟೈಪ್ ಮಾಡಿಸಿ. ಯಾವ ದಿನ ಹೂವಿಗೆ ಹೆಚ್ಚು ಬೆಲೆ ಬಂತು ಎಂಬ ಪ್ರಶ್ನೆ ಕೇಳಿ, ಉತ್ತರವನ್ನು ಗ್ರೆಪ್, ಸಾರ್ಟ್, ಹೆಡ್ ಮೂರರಿಂದ ಅವರೇ ತೆಗೆಯುವವರೆಗೆ ಪಕ್ಕದಲ್ಲಿ ಕೂತಿರಿ. ವಾರಕ್ಕೊಮ್ಮೆ, ಶನಿವಾರ ಸಾಕು. ಬರುವ ಶನಿವಾರವೇ ಶುರುಮಾಡಿ.